ವಸ್ತ್ರದ ಕೆಳಗಿನ ಕೈ

ಧಾರವಾಡದ ಕಚೇರಿಯೊಂದರಲ್ಲಿ ಈಗ ನಾನು ನಕಲು ತೆಗೆಯುತ್ತೇನೆ. ಬಲಗೈ ಬರೆಯುತ್ತದೆ, ಎಡಗೈ ಕಾಗದವನ್ನು ಒತ್ತಿ ಹಿಡಿದಿರುತ್ತದೆ. ಯಾರಿಗಾದರೂ ಏನಾದರೂ ಹೇಳುವುದಿದ್ದರೆ ಚೀಟಿ ಕಳಿಸುತ್ತಾರೆ. ಕಿವಿ ಮಂದವಾದವನಿಗೆ ಇದಕ್ಕಿಂತ ಸುಖದ ನೌಕರಿ ಇಲ್ಲವೆಂದು ಮನೆಯವರ ಅಭಿಪ್ರಾಯ. ಆದರೂ ಹತ್ತಿಯ ಸುಗ್ಗಿ ಬಂತೆಂದರೆ ನನಗೆ ಹುಬ್ಬಳ್ಳಿಯ ಪೇಟೆ ನೆನಪಾಗುತ್ತದೆ.

ಕಿವಿ ಸೋರುವ ಕಾಯಿಲೆ ನನಗೆ ಚಿಕ್ಕಂದಿನಿಂದ ಇದೆ. ಶಾಲೆ ಬಿಡುವ ಹೊತ್ತಿಗೆ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿ ಒಂದು ದಿನ ಕೇಳುತ್ತಿತ್ತು, ಒಂದು ದಿನ ಇಲ್ಲ. ಅವ್ವ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಡುತ್ತಿದ್ದಳು. ನಾನು ದಿನಚರಿಯಲ್ಲಿ ಕೇಳಿದ ದಿನಕ್ಕೆ ಸೊನ್ನೆ, ಕೇಳದ ದಿನಕ್ಕೆ ಅಡ್ಡಗೆರೆ ಹಾಕಿ, ತಿಂಗಳ ಕೊನೆಗೆ ಎರಡನ್ನೂ ಕೂಡಿಸುತ್ತಿದ್ದೆ. ಗೆರೆಗಳೇ ಹೆಚ್ಚುತ್ತ ಹೋದವು.

ಆದರೂ ಹತ್ತಿಯ ಅಡತಿ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕಿತು. ಆಗ ದರ ಬಾಯಲ್ಲಿ ಆಗುತ್ತಿರಲಿಲ್ಲ. ರೈತನ ಪರವಾಗಿ ಮಾರುವ ಅಡತಿಯವನೂ ಕೊಳ್ಳುವ ವ್ಯಾಪಾರಿಯೂ ಒಂದು ವಸ್ತ್ರದ ಕೆಳಗೆ ಕೈ ಸೇರಿಸುತ್ತಿದ್ದರು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ನಮ್ಮ ಸಾಹುಕಾರರು ಆ ಕೆಲಸಕ್ಕೆ ನನ್ನನ್ನೇ ನಿಲ್ಲಿಸಿದರು. ಬಲಗಿವಿಯ ಹತ್ತಿರ ಬಾಯಿ ತಂದು, "ನಿನಗ ಯಾರ ಬೆಣ್ಣಿ ಮಾತೂ ಕೇಳೂದಿಲ್ಲ. ದರಾನೂ ಇಳಿಯೂದಿಲ್ಲ" ಎಂದು ನಕ್ಕರು. ಎಷ್ಟೋ ವ್ಯಾಪಾರಿಗಳ ಮುಖ ಈಗ ಮರೆತುಹೋಗಿದೆ. ಅವರ ಬೆರಳುಗಳು ನೆನಪಿವೆ. ಒಬ್ಬರವು ಸದಾ ಬೆವರುತ್ತಿದ್ದವು, ಒಬ್ಬರ ಉಂಗುರ ಚುಚ್ಚುತ್ತಿತ್ತು.

ಚಕ್ಕಡಿಯ ಪಕ್ಕದಲ್ಲಿ ನಿಂತ ರೈತ ಮಾತ್ರ ವಸ್ತ್ರವನ್ನೇ ನೋಡುತ್ತಿರುತ್ತಿದ್ದ. ತನ್ನ ಹತ್ತಿಗೆ ಯಾರು ಎಷ್ಟು ಕೇಳಿದರೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ವಸ್ತ್ರದ ವ್ಯಾಪಾರ ನಿಲ್ಲಿಸಿ, ಎಲ್ಲರೆದುರು ಲಿಲಾವು ಕೂಗಬೇಕೆಂದು ಕಾಯಿದೆ ಬಂತು. ಅದು ನ್ಯಾಯವೆಂದು ನನಗೂ ಅನಿಸಿತ್ತು. ಕೂಗಿದ ದರಗಳನ್ನು ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು.

ಲಿಲಾವಿನ ಮೊದಲ ದಿನ ನನ್ನ ಲೆಕ್ಕದಲ್ಲಿ ಸೊನ್ನೆಯ ದಿನ. ಆದರೆ ಅಷ್ಟು ಜನ ಒಟ್ಟಿಗೆ ಕೂಗಿದಾಗ ಗದ್ದಲ ಬಿಟ್ಟು ನನಗೆ ಏನೂ ದಕ್ಕಲಿಲ್ಲ. ಹಾಳೆ ಬಿಳಿಯಾಗಿಯೇ ಉಳಿಯಿತು. ಸಾಹುಕಾರರು ಸಿಟ್ಟು ಮಾಡಲಿಲ್ಲ. "ನಾಳೆ ಒಂದ ದಿನ ನೋಡತೇನಿ. ಆಗಲಿಲ್ಲಂದ್ರ ಬ್ಯಾರೆಯವ್ರನ್ನ ಹುಡುಕಬೇಕಾಕ್ಕೈತಿ" ಎಂದರು.

ನಮ್ಮ ಅಂಗಡಿಯಲ್ಲಿ ತೂಕ ಮಾಡುತ್ತಿದ್ದವರು ಹಳೇ ಹುಬ್ಬಳ್ಳಿಯ ಒಬ್ಬ ಮುದುಕರು. ಅವರನ್ನು ನಾನು ಕಾಕಾ ಎನ್ನುತ್ತಿದ್ದೆ. ಮರುದಿನ ಲಿಲಾವು ಶುರುವಾಗುವ ಮುಂಚೆ ಅವರು ಬಂದು ನನ್ನ ಪಕ್ಕ ನಿಂತರು.

"ಎಡಗೈ ಇಲ್ಲಿ ಕೊಡು ತಮ್ಮಾ. ಬರಿಯೂದು ಬಲಗೈಲೆ ಹೌದಲ್ಲೊ?"

ಹಳೆಯ ರೂಢಿಯಂತೆ ಅವರು ಹೆಗಲ ವಸ್ತ್ರವನ್ನು ನಮ್ಮ ಕೈಗಳ ಮೇಲೆ ಹಾಕಿದರು. ಕೂಗಿದ ದರವೆಲ್ಲ ನನ್ನ ಬೆರಳಿಗೆ ಬರತೊಡಗಿತು, ಬಲಗೈ ಬರೆಯತೊಡಗಿತು. ಅಷ್ಟರಲ್ಲಿ ಪೇಟೆಯ ಮೇಲ್ವಿಚಾರಕರು ವಸ್ತ್ರ ಕಂಡು ಸಿಟ್ಟಿನಿಂದ ಕೆಂಪಾಗಿ ಬಂದರು. ಕದ್ದು ವ್ಯಾಪಾರ ನಡೆದಿದೆ ಎಂದೇ ಅವರು ತಿಳಿದಿರಬೇಕು. ಲಿಲಾವು ನಿಂತಿತು. ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ಕಾಕಾ ವಸ್ತ್ರ ತೆಗೆದು ನನ್ನ ಕಿವಿಯನ್ನೂ ಹಾಳೆಯನ್ನೂ ತೋರಿಸಿದರು. ಮೇಲ್ವಿಚಾರಕರು ಏನೋ ಅಂದರು, ಸುತ್ತಲಿನವರೆಲ್ಲ ನಕ್ಕರು.

ಕಾಕಾ ನನ್ನ ಬಲಗಿವಿಗೆ ಬಗ್ಗಿದರು. "ಕೈ ಹಿಡಕೋರಿ, ವಸ್ತ್ರ ಬ್ಯಾಡ ಅಂದ್ರು. ಲಗ್ನದಾಗ ನಿಂತಂಗ ನಿಂತೇವಂತ, ಅದಕ್ಕ ನಗಾಕತ್ತಾರ."

ಲಿಲಾವು ಮತ್ತೆ ಶುರುವಾಯಿತು. ಮುಂದಿನ ಚಕ್ಕಡಿಯ ರೈತ ಇಳಿದು ನಮ್ಮ ಹತ್ತಿರವೇ ನಿಂತ. ಕೂಗುವವರ ಬಾಯಿ ಒಮ್ಮೆ, ನಮ್ಮ ಬೆರಳು ಒಮ್ಮೆ ನೋಡುತ್ತಿದ್ದ. ಅವನ ಹತ್ತಿಯ ದರ ಕೂಗಿ ಮುಗಿದ ಮೇಲೆ ತನ್ನ ಕೈಯನ್ನೂ ಚಾಚಿದ. ಕಾಕಾ ಆ ದರವನ್ನು ಅವನ ಬೆರಳುಗಳಲ್ಲಿ ಒತ್ತಿ ತೋರಿಸಿದರು. ಅವನು ಬಹಳ ಹೊತ್ತು ತನ್ನ ಕೈ ನೋಡಿಕೊಳ್ಳುತ್ತ ನಿಂತಿದ್ದ.

ಸಂಜೆ ಸಾಹುಕಾರರು ತುಂಬಿದ ಹಾಳೆಯನ್ನು ಮೇಲಿಂದ ಕೆಳಗೆ ಓದಿದರು. ಆಮೇಲೆ ಪುಟ ತಿರುವಿ, ಹೊಸ ಹಾಳೆಯ ಮೇಲೆ ತಾವೇ ಮರುದಿನದ ತಾರೀಖು ಬರೆದು ನನ್ನ ಕೈಗೆ ಕೊಟ್ಟರು.