ಹಂದಿ ಹೋದ ಮೇಲೂ ತುಳಿದ ಗದ್ದೆ

ಕೊರೋನಾ ಬಂದ ಎಂಟನೇ ದಿನ ಗಂಡನಿಗೆ ಉಸಿರು ಸಾಲದಾಯಿತು. ಹಾಲಾಡಿಯಿಂದ ಕುಂದಾಪುರದ ಆಸ್ಪತ್ರೆಗೆ ಸೇರಿಸಿದೆವು. ಅವರು ಬದುಕುವ ನಂಬಿಕೆ ನನಗಿರಲಿಲ್ಲ. ಆದರೂ ಮೈಗೆ ಕಸುವು ಬರಲೆಂದು ಕಾಳುಮೆಣಸಿನ ಕಷಾಯ ಒಯ್ದೆ. ವಾರ್ಡಿನ ಬಾಗಿಲಲ್ಲಿ ಡಾಕ್ಟರಮ್ಮ ತಡೆದರು.

"ಅಮ್ಮಾ, ವೈರಸ್ ಈಗ ಕಮ್ಮಿ ಆಯಿತ್. ಅದನ್ನ್ ಓಡ್ಸುಕೆ ಹೊರಟ ಅವ್ರ ಮೈಯ ಕಸುವೇ ಶ್ವಾಸಕೋಶ ಬಾತ್ಕಂಬಂಗೆ ಮಾಡಿತ್. ಆ ಕಸುವು ತಣ್ಸುಕೆ ನಾವ್ ಮದ್ದ್ ಕೊಡ್ತೊ."

"ಹಂದಿ ಓಡ್ಸುಕೆ ಹೋದವ್ರೇ ಗದ್ದೆ ತುಳ್ದಾಂಗಾ?"

"ಹಾಂಗೇ. ಹಂದಿ ಹೋದ್ರೂ ತುಳೂದ್ ನಿಲ್ಸಲಿಲ್ಲ."

ನಾನು ಬೆರಗಾಗಿ ಕಷಾಯ ಹಿಡಿದುಕೊಂಡೇ ನಿಂತೆ.

ಮದ್ದು ಹಿಡಿಯಿತು. ನಾಲ್ಕು ದಿನಕ್ಕೆ ಆಕ್ಸಿಜನ್ ತೆಗೆದು ಅವರನ್ನು ಬೇರೆ ವಾರ್ಡಿಗೆ ತಂದರು. ನಾನು ಅವರನ್ನೇ ನೋಡುತ್ತ ಕುಳಿತೆ.

"ಎಂತ ಕಾಂಬುದ್?" ಎಂದರು ಗಂಡ.

"ಕೋಳಿ ಕೊಯ್ಯುಕೆ ಹೆದ್ರುವ ನಿಮ್ಮ ಮೈಯೊಳಗೆ ಇಷ್ಟ್ ಜೋರ್ ಇತ್ತಾ ಅಂದೇಳಿ" ಎಂದೆ.