ಮೂರನೇ ಖಾನೆಯ ಡಿಸ್ಕು

ಮನಿಷಾಳನ್ನು ಅವಳ ಅವ್ವ ಮಾಳಮ್ಮ ಒಮ್ಮೆಯೂ ಮನಿಷಾ ಎಂದು ಕರೆದವಳಲ್ಲ. ಆ ಹೆಸರು ಮರಾಠಿ ಸೀಮೆಯ ಗಡಿಯೂರು ತುರೋರಿಯ ಶಾಲೆಯಲ್ಲಿ ಮಾಸ್ತರರು ಬರೆದುಕೊಂಡದ್ದು. ೧೯೯೩ರ ಭೂಕಂಪದಲ್ಲಿ ಮನೆ ಬಿದ್ದವರಿಗೆ ಹಾಕಿಕೊಟ್ಟ ತಗಡಿನ ಶೆಡ್ಡಿನಲ್ಲಿ ಹುಟ್ಟಿದ ಕೂಸು ಆಕೆ. ಎರಡು ವರ್ಷ ತುಂಬುವ ಮೊದಲೇ ಮಾಳಮ್ಮ ಜ್ವರ ಬಂದು ತೀರಿಕೊಂಡಳು. ಅಪ್ಪ ಬೀರಣ್ಣ ಆಗೆಲ್ಲ ಕುರಿ ಹೊಡೆದುಕೊಂಡು ಹೋದರೆ ವರ್ಷದಲ್ಲಿ ಎಂಟು ತಿಂಗಳು ಮನೆಯಲ್ಲಿ ಇರುತ್ತಿರಲಿಲ್ಲ.

“ನಿಮ್ಮವ್ವ ನಿನಗ ಏನೋ ಒಂದ್ ಹೆಸರ ಹಿಡದು ಕರೀತಿದ್ಲು,” ಎನ್ನುತ್ತಿದ್ದ ಆತ. “ನಾ ಮನ್ಯಾಗ ಇದ್ದಿದ್ರ ಅಲ್ಲಾ ತಿಳಿಯೂದು? ಕುರಿ ಹೆಸರ ಕೇಳು, ಇವತ್ತಿಗೂ ನೂರ್ ಹೇಳ್ತೀನಿ.”

ಮನಿಷಾ ನಗುತ್ತಿದ್ದಳು. ಅವಳನ್ನು ಸಾಕಿದ ಅಜ್ಜಿಯೂ, ಅವಳಿಗೆ ಕೇಳುವ ಬುದ್ಧಿ ಬರುವ ಮೊದಲೇ ಹೋದ ಮೇಲೆ, ಆ ಹೆಸರು ಏನೆಂದು ಕೇಳಲು ಯಾರೂ ಉಳಿದಿರಲಿಲ್ಲ.

ಆಕೆ ಉದಗೀರಿನಲ್ಲಿ ಓದಿ, ಅಲ್ಲಿಯೇ ಒಂದು ಶಿಕ್ಷಣ ಸಂಸ್ಥೆಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಸಂಸ್ಥೆಯ ಕಾಲೇಜುಗಳು ಉಮರ್ಗಾ, ನಿಲಂಗಾ, ಉದಗೀರ ಮೂರೂ ಕಡೆ ಇದ್ದವು. ೨೦೧೯ರ ಬೇಸಿಗೆಯಲ್ಲಿ ನಿಲಂಗಾದ ಗ್ರಂಥಾಲಯದ ಕಪಾಟಿನಲ್ಲಿ ಆಕೆಗೆ ಒಂದು ನೋಟುಬುಕ್ಕು ಸಿಕ್ಕಿತು. ಅಲ್ಲಿ ಮರಾಠಿ ಕಲಿಸುತ್ತಿದ್ದ ದಿವಂಗತ ರವಿಕಾಂತ ಸರ್ ಹಳ್ಳಿ ತಿರುಗಿ ಹೆಂಗಸರ ಹಾಡುಗಳನ್ನು ಕ್ಯಾಸೆಟ್ಟಿನಲ್ಲಿ ತುಂಬಿಕೊಂಡಿದ್ದರು. ಅವುಗಳ ಪಟ್ಟಿ ಅದು. ಮರಾಠಿಯ ಒಂದು ಸಾಲನ್ನು ಆಕೆ ನಿಂತಲ್ಲೇ ನಾಲ್ಕು ಸಲ ಓದಿದಳು: “ತುರೋರಿ ಶೆಡ್ಡು. ಬೀರಣ್ಣನ ಹೆಂಡತಿ ಮಾಳಮ್ಮ. ಬೀಸುವ ಹಾಡು. ನಡುವೆ ಕೂಸು ಅತ್ತಿತು, ಹೆಸರು ಹಿಡಿದು ಕರೆದು ಸಮಾಧಾನ ಮಾಡಿದಳು.”

ಕ್ಯಾಸೆಟ್ಟುಗಳಿಗೆ ಬೂಸರು ಹಿಡಿದು ಎಂದೋ ಎಸೆದಾಗಿತ್ತು. ಎಸೆಯುವ ಮೊದಲು ಧ್ವನಿಯನ್ನೆಲ್ಲ ನಿಲಂಗಾದ ಸರ್ವರಿಗೆ ಹಾಕಿದ್ದರು. ಆ ಸರ್ವರ್ ಎರಡು ವರ್ಷದಿಂದ ಬಂದಾಗಿ ಬಿದ್ದಿತ್ತು.

ಅದರಲ್ಲಿ ಎಂಟು ಖಾನೆ, ಎಂಟು ಡಿಸ್ಕು. ಮೊದಲ ಆರು ಒಂದು ಗುಂಪು. ಯಂತ್ರವನ್ನು ಎಬ್ಬಿಸುವ ವ್ಯವಸ್ಥೆ ಅದರಲ್ಲಿತ್ತು, ಅದೇ ಕೆಟ್ಟಿತ್ತು. ಏಳು ಮತ್ತು ಎಂಟು ಒಂದು ಜೋಡಿ. ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಇರುತ್ತದೆ, ಒಂದು ಹೋದರೆ ಒಂದು ಉಳಿಯಲಿ ಎಂದು. ಹಾಡುಗಳು ಆ ಜೋಡಿಯಲ್ಲಿದ್ದವು. ಹೀಗೆ ಡಿಸ್ಕುಗಳನ್ನು ಸೇರಿಸಿ ದುಡಿಸುವ ಏರ್ಪಾಡಿಗೆ ರೇಡ್ ಎನ್ನುತ್ತಾರೆ.

ಆ ವರ್ಷವೇ ಮೂರೂ ಊರಿನ ಸರ್ವರುಗಳ ರೇಡನ್ನು ಹೊಸದಾಗಿ ಕಟ್ಟಬೇಕೆಂದು ಸಂಸ್ಥೆ ಹೇಳಿತು. ಮೊದಲಾಗಿದ್ದರೆ ಪ್ರತಿ ಊರಿಗೂ ಬಸ್ಸು ಹತ್ತಿ ಹೋಗಿ, ಯಂತ್ರ ಏಳುವ ಗಳಿಗೆ ಕಾದು ಕೀ ಒತ್ತಿ, ಡಿಸ್ಕುಗಳನ್ನು ಒಂದೊಂದಾಗಿ ಆರಿಸಬೇಕಾಗಿತ್ತು. ಆದರೆ ಸರ್ವರಿನೊಳಗೆ, ಯಂತ್ರ ಮಲಗಿದ್ದರೂ ಎಚ್ಚರವಿರುವ ಒಂದು ಚಿಕ್ಕ ಬೋರ್ಡು ಇರುತ್ತದೆ. ಮ್ಯಾನೇಜ್‌ಮೆಂಟ್ ಎಪಿಐ ಎಂಬ ದಾರಿಯಿಂದ ಅದಕ್ಕೆ ದೂರದಿಂದಲೇ ಆಜ್ಞೆ ಕಳಿಸಬಹುದು. ಮನಿಷಾ ಮೂರು ತಿಂಗಳು ಕೂತು ಕಲಿತು ಒಂದು ಸ್ಕ್ರಿಪ್ಟು ಬರೆದಳು. ಒಂದರಿಂದ ಆರನೇ ಖಾನೆಯ ಡಿಸ್ಕುಗಳು ಯಾವ ಗುಂಪಿನಲ್ಲಿದ್ದರೂ ಬಿಡಿಸು, ಅಳಿಸು, ಹೊಸ ಗುಂಪು ಕಟ್ಟು. ಏಳು, ಎಂಟನ್ನು ಮುಟ್ಟಬೇಡ. ಇಷ್ಟೇ ಅದರ ಸಾರ. ಹೊಸ ಗುಂಪಿನ ಮೇಲೆ ಯಂತ್ರ ಎದ್ದೊಡನೆ ಜೋಡಿಯನ್ನು ತೆರೆದು ಅವ್ವನ ಧ್ವನಿ ಕೇಳುವುದು ಆಕೆಯ ಲೆಕ್ಕಾಚಾರ.

ದಸರೆ ಮುಗಿದ ಮೂರನೇ ದಿನ, ಉದಗೀರಿನಲ್ಲಿ ಕೂತೇ, ಆಕೆ ಸ್ಕ್ರಿಪ್ಟು ಓಡಿಸಿದಳು. ಉಮರ್ಗಾದ್ದು ಸರಿಯಾಗಿ ಮುಗಿಯಿತು. ನಿಲಂಗಾದಿಂದ ಬಂದ ಉತ್ತರದಲ್ಲಿ ಮಾತ್ರ, ಒಂದು ಗುಂಪು ಬಿಡಿಸಬೇಕಿದ್ದಲ್ಲಿ ಎರಡು ಬಿಡಿಸಲಾಗಿದೆ ಎಂದಿತ್ತು. ಎರಡನೆಯದು ಜೋಡಿ. ಅದರ ಒಂದು ಡಿಸ್ಕು ಎಂಟನೇ ಖಾನೆಯಲ್ಲಿ, ಏಳರಲ್ಲಿರಬೇಕಾದ ಇನ್ನೊಂದು ಮೂರನೆಯದರಲ್ಲಿ. ಮೂರನೆಯದು ಅಳಿಸಿಹೋಗಿತ್ತು.

ಆಕೆ ನಿಲಂಗಾದ ಕಾಲೇಜಿನಲ್ಲಿ ಕಸ ಗುಡಿಸಿ ಬಾಗಿಲು ಕಾಯುವ, ತಾನು ಚಿಕ್ಕಮ್ಮನಂತೆ ಮಾವಶಿ ಎನ್ನುತ್ತಿದ್ದ ಗುರುಬಾಯಿಗೆ ಫೋನು ಹಚ್ಚಿದಳು.

“ಮಾವಶಿ, ಸರ್ವರ್ ಖೋಲ್ಯಾಗ ಯಾರ್ ಹೋಗಿದ್ರು?”

“ಯಾರ್ ಹೋಗ್ತಾರ ಮಗಾ? ಕಿಲ್ಲಿ ನನ್ ಸೆರಗಿನ್ಯಾಗ ಅದ.”

“ಡಿಸ್ಕ್ ಯಾರರೆ ತಗದಿದ್ರೇನು?”

“ನಾನೇ ತಗದೀನಿ. ಖಂಡೇನವಮಿಗಿ ಆಯುಧಪೂಜಿ ಬ್ಯಾಡೇನು? ನೀನೇ ಹೇಳಿದ್ದಿ, ಬಂದ್ ಅದ, ಧೂಳ ಒರಸು ಅಂತ. ಎಂಟೂ ತಗದು, ಒಣ ಅರಿವಿಲೆ ಒರಸಿ, ಬಸವಣ್ಣನ ಮುಂದ ಸಾಲಾಗಿ ಇಟ್ಟು, ಹಿಡಕಿಗಿ ಇಭೂತಿ ಹಚ್ಚೀನಿ. ತಿರಗಿ ಹಂಗೇ ಸೇರಸೀನಿ.”

“ಹಂಗೇ ಅಂದ್ರ, ಇದ್ದ ಖಾನ್ಯಾಗೇ?”

“ಎಂಟೂ ಒಂದೇ ನಮೂನಿ ಅವ ಮಗಾ.”

ಎಂಟನೆಯದು ಯಾರ ಕೈಗೂ ಸಿಗಬಾರದೆಂದು ಮನಿಷಾ ಶಿರೂರ ಅನಂತಪಾಳದ ಮೇಲೆ ನಿಲಂಗಾಕ್ಕೆ ಹೋಗುವ ಬಸ್ಸು ಹತ್ತಿದಳು. ಆ ದಾರಿಯಲ್ಲಿ ಆಕೆಗೆ ಸಿಟ್ಟು ಬಂದದ್ದು ಗುರುಬಾಯಿಯ ಮೇಲಲ್ಲ. ಪ್ರತಿ ಡಿಸ್ಕಿನ ಮೇಲೂ ಅದರದೇ ನಂಬರು ಅಚ್ಚಾಗಿರುತ್ತದೆ. ತಾನು ಬರೆದ ಸ್ಕ್ರಿಪ್ಟು ಅದನ್ನು ಕೇಳಬೇಕಿತ್ತು, ಬರೇ ಖಾನೆಯ ನಂಬರು ಕೇಳಿತು.

ಗುರುಬಾಯಿ ಬಾಗಿಲಲ್ಲೇ ನಿಂತಿದ್ದಳು. ನಡೆದದ್ದನ್ನೆಲ್ಲ ಕೇಳಿದ ಮೇಲೆ ಅತ್ತಳು, ಮೂಗು ಒರೆಸಿಕೊಂಡಳು, ಆಮೇಲೆ ಬೈದಳು: “ಕುರಿ ಕಾಯವ್ರ ಮಗಳು ನೀ. ನಿಂತ ಜಾಗಾ ನೋಡಿ ಕುರಿ ಗುರ್ತ ಹಿಡೀತಾರೇನ? ನಿಮ್ಮಪ್ಪಗ ಹೇಳಬ್ಯಾಡ, ನಗತಾನ.”

“ನಕ್ರ ನಗಲಿ ಮಾವಶಿ. ಇದೊಂದು ಉಳದಿದ್ರ ಸಾಕು.”

ಎಂಟನೇ ಡಿಸ್ಕನ್ನು ಆಕೆ ತಾನೇ ಎಳೆದು, ದುಪಟ್ಟಾದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಉದಗೀರಿಗೆ ತಂದಳು. ಗುಂಪು ಒಡೆದಿದ್ದರೂ ಬರೆದದ್ದು ಅಳಿದಿರಲಿಲ್ಲ. ಅದನ್ನು ಹೊರಗೆ ತೆಗೆಯಲು ಎರಡು ದಿನ ಬೇಕಾಯಿತು. ಹೆಸರಿಲ್ಲದ ಸಾವಿರದ ಮೇಲೆ ಧ್ವನಿಗಳು. ಊಟದ ಬಿಡುವಿನಲ್ಲಿ ಒಂದೊಂದೇ ತೆರೆದು ಕೇಳುತ್ತ ಹೋದಳು. ಒಂಬತ್ತನೇ ದಿನ ಬೀಸುವ ಕಲ್ಲಿನ ಸದ್ದು, ಅದರ ಮೇಲೆ ತುರೋರಿಯ ಕನ್ನಡದಲ್ಲಿ ಒಬ್ಬ ಹೆಂಗಸಿನ ಹಾಡು ಕೇಳಿತು. ದನಿ ಆಕೆ ನೆನೆಸಿದ್ದಕ್ಕಿಂತ ದಪ್ಪಗಿತ್ತು, ವಯಸ್ಸು ತನಗಿಂತ ಚಿಕ್ಕದು. ಕೂಸು ಅತ್ತಿತು. ಅದೇ ಹೊತ್ತಿಗೆ ಶೆಡ್ಡಿನಲ್ಲಿ ಕಟ್ಟಿದ್ದ ಕುರಿಮರಿಯೂ ಒದರಿತು. ಕಲ್ಲು ನಿಂತಿತು. “ಬಂದೆ, ಬಂದೆ. ಸುಮ್ನಿರು ಬೆಳ್ಳಿ.” ಕಲ್ಲು ಮತ್ತೆ ತಿರುಗಿತು.

ಭಾನುವಾರ ತುರೋರಿಯಲ್ಲಿ ಬೀರಣ್ಣ ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು ಅದನ್ನು ಕೇಳಿದ. ಮುಗಿದ ಮೇಲೂ ತೆಗೆಯಲಿಲ್ಲ.

“ಇನ್ನೊಮ್ಮಿ ಹಚ್ಚು.”

ಹಚ್ಚಿದಳು. ಮೂರನೇ ಸಲಕ್ಕೆ ಆಕೆಯೇ ಕೇಳಿದಳು: “ಅಪ್ಪಾ, ಬೆಳ್ಳಿ ಅಂದ್ರ ನಾನಾ?”

ಬೀರಣ್ಣ ನೆಲ ನೋಡಿದ. “ಆ ವರ್ಷ ಒಂದ್ ಬಿಳಿ ಮರಿ ಇತ್ತು ಮಗಾ. ತಾಯಿ ಸತ್ತಿದ್ದು. ಶೆಡ್ಡಿನ್ಯಾಗೇ ಕಟ್ಟಿ ಹಾಲ ಕುಡಸ್ತಿದ್ಲು. ಅದಕ್ಕ ಬೆಳ್ಳಿ ಅಂತಿದ್ಲು.”

“ಬರೇ ಅದಕ್ಕಾ?”

“ಸುಳ್ಳ ಯಾಕ ಹೇಳ್ಲಿ. ನನಗ ಗೊತ್ತಿಲ್ಲ. ನಾ ಮನ್ಯಾಗ ಇರ್ಲಿಲ್ಲ.”

ಹೆದ್ದಾರಿಯ ಮೇಲೆ ಲಾರಿಗಳು ಹೋಗುತ್ತಿದ್ದವು. ಮನಿಷಾ ಮೊಬೈಲು ತೆಗೆದುಕೊಂಡು, ಧ್ವನಿಯನ್ನು ಆ ಒಂದು ಮಾತು ಶುರುವಾಗುವಲ್ಲಿಗೆ ತಂದು ನಿಲ್ಲಿಸಿಟ್ಟಳು.

“ಒಂದ್ ಸಲ ನೀ ಹಂಗ ಕರಿ ಅಪ್ಪಾ.”

“ನಾ ಕರದ್ರ ಆಕಿ ಕರದಂಗ ಆಗ್ತದೇನು?” ಎಂದು ಬೀರಣ್ಣ ರುಮಾಲಿನಿಂದ ಮುಖ ಒರೆಸಿಕೊಂಡ. ಮನಿಷಾ ಕಾದಳು. ಆತ ಕರೆಯಲಿಲ್ಲ, ಆಕೆಯ ಕೈ ಹಿಡಿದು ಮೊಬೈಲನ್ನು ತಮ್ಮಿಬ್ಬರ ನಡುವೆ ಎತ್ತಿದ, ಹಚ್ಚು ಎನ್ನುವಂತೆ.