ಗಾಳಿ ಸೋರುವ ದನಿಯನ್ನು ಅಳೆದವರು

ಮೇಡಂ ಅಂಗೈ ಯಾವಾಗಲೂ ತಣ್ಣಗಿರುತ್ತಿತ್ತು. ಅದನ್ನು ನನ್ನ ಬಾಯಿಯ ಮುಂದೆ ಹಿಡಿದು, "ಎಲ್ಲಿ, 'ಆ' ಅನ್ನಿ" ಎನ್ನುತ್ತಿದ್ದರು. ನಾನು 'ಆ' ಎಂದರೆ ದನಿಗಿಂತ ಮೊದಲು ಉಸಿರೇ ಹೋಗಿ ಅವರ ಕೈಗೆ ತಾಗುತ್ತಿತ್ತು.

ವೈರಲ್ ಜ್ವರವೊಂದು ಬಂದು ಹೋದ ಮೇಲೆ ನನ್ನ ಗಂಟಲಿನ ಒಂದು ಸ್ವರತಂತು ಸರಿಯಾಗಿ ಆಡುತ್ತಿರಲಿಲ್ಲ. ಬಸವೇಶ್ವರನಗರದ ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದವಳು ನಾನು. ಮೊದಲ ಬೆಂಚಿನ ಮಕ್ಕಳಿಗೂ ನನ್ನ ಮಾತು ಕೇಳಿಸದಂತಾಯಿತು. ಗಂಟಲಿನ ಡಾಕ್ಟರು ವಿಜಯನಗರದ ಈ ಮೇಡಂ ಹತ್ತಿರ ದನಿಯ ಚಿಕಿತ್ಸೆಗೆ ಕಳಿಸಿದರು. ಔಷಧಿ ಅಂಗಡಿಯ ಮೇಲೆ ಒಂದೇ ಕೋಣೆ, ಡಬ್ಬದಂಥ ಕಂಪ್ಯೂಟರು, ಒಂದು ಮೈಕು. ರೆಕಾರ್ಡ್ ಮಾಡುವ ಮುನ್ನ ಮೇಡಂ ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಕೆಳಗೆ ಬಸ್ಸು ಹೋಗುವ ತನಕ ಬೆರಳೆತ್ತಿ ಕಾಯುತ್ತಿದ್ದರು. ಬೇಸಿಗೆಯಲ್ಲಿ ಇಬ್ಬರೂ ಬೆವರಿ ನೀರಾಗುತ್ತಿದ್ದೆವು.

ಮನೆಯ ಕಷ್ಟ ಬೇರೆಯೇ. ಅತ್ತೆಗೆ ಕಿವಿ ಮಂದ. ನನ್ನ ಪಿಸುದನಿ ಕೇಳದೆ, "ನನ್ ಹತ್ರ ಮಾತಾಡೋಕೆ ಇವಳಿಗೆ ಮನಸ್ಸಿಲ್ಲ" ಎಂದು ಬಂದವರ ಮುಂದೆಲ್ಲ ನೊಂದುಕೊಳ್ಳುತ್ತಿದ್ದರು. ಒಂದು ದಿನ ಮೇಡಂ ಮುಂದೆ ಇದನ್ನು ಹೇಳಿಕೊಂಡು ಅತ್ತುಬಿಟ್ಟೆ. "ಅವರನ್ನೂ ಕರ್ಕೊಂಡು ಬನ್ನಿ" ಎಂದರು.

ಅತ್ತೆ ಮುಖ ಬಿಗಿದುಕೊಂಡೇ ಬಂದರು. ಮೇಡಂ ಅತ್ತೆಯನ್ನೇ ಮೊದಲು ಮೈಕಿನ ಮುಂದೆ ಕೂರಿಸಿ 'ಆ' ಅನ್ನಿಸಿದರು. ಪರದೆಯ ಮೇಲೆ ಒಂದರ ಮೇಲೊಂದು ಗೆರೆ ಸ್ಪಷ್ಟವಾಗಿ ಮೂಡಿತು. ಆಮೇಲೆ ನನ್ನದು. ಗೆರೆಗಳೆಲ್ಲ ಮಾಸಿ, ನಡುವೆ ಬೂದಿ ಚೆಲ್ಲಿದ ಹಾಗಿತ್ತು.

"ನೋಡಿ ಅಮ್ಮ," ಮೇಡಂ ಅತ್ತೆಯ ಕಿವಿಯ ಹತ್ತಿರ ಬಗ್ಗಿ ಹೇಳಿದರು, "ಗಂಟಲಲ್ಲಿರೋ ಎರಡು ತಂತು ಸೇರಿದ್ರೆ ನಿಮ್ಮ ಥರ ಗೆರೆ ಬರುತ್ತೆ. ಇವರದ್ದು ಸೇರ್ತಿಲ್ಲ. ಈ ಬೂದಿ ಇದೆಯಲ್ಲ, ಅದು ಸಂದಿಯಿಂದ ಸೋರ್ತಿರೋ ಗಾಳಿ. ಇವರು ಪಾಪ ಕೂಗ್ತಾನೇ ಇದ್ದಾರೆ."

ಅತ್ತೆ ಬಹಳ ಹೊತ್ತು ಪರದೆ ನೋಡಿದರು. ಮೆಟ್ಟಿಲಿಳಿಯುವಾಗ ನನ್ನ ಕೈ ಹಿಡಿದು, "ಸೊಕ್ಕು ಅಂದ್ಕೊಂಡಿದ್ದೆ ಕಣೇ" ಎಂದರು.

ದನಿಯಲ್ಲಿ ಎಷ್ಟು ಗಾಳಿ ಸೋರುತ್ತಿದೆ ಎಂದು ಕಂಪ್ಯೂಟರು ಪ್ರತಿ ಸಲವೂ ಒಂದು ಅಂಕಿ ತೋರಿಸುತ್ತಿತ್ತು. ಒಮ್ಮೆ ಅದು ಇದ್ದಕ್ಕಿದ್ದಂತೆ ಸುಧಾರಿಸಿತು. ನಾನು ಹಿಗ್ಗಿದೆ. ಮೇಡಂ ರೆಕಾರ್ಡನ್ನು ಮತ್ತೊಮ್ಮೆ ಕೇಳಿಸಿಕೊಂಡು ಅಡ್ಡಡ್ಡ ತಲೆಯಾಡಿಸಿದರು. "ನನ್ನ ಕಿವಿ ಒಪ್ತಿಲ್ಲ. ಮೈಕಿಗೆ ತೀರ ಹತ್ರ ಬಂದಿದ್ರಿ." ದೂರ ಅಳೆದು ಕೂರಿಸಿ ಪುನಃ ರೆಕಾರ್ಡ್ ಮಾಡಿದರು, ಅಂಕಿ ಹಳೆಯ ಜಾಗಕ್ಕೇ ಬಂತು. ನನ್ನ ಕಣ್ಣು ತುಂಬಿದ್ದು ನೋಡಿ, "ಸುಳ್ಳು ಖುಷಿ ಯಾಕೆ? ನಿಜವಾದ್ದೇ ಬರುತ್ತೆ, ಕಾಯೋಣ" ಎಂದರು.

ಬಂತು, ಮಳೆಗಾಲದ ಹೊತ್ತಿಗೆ. ಆ ದಿನ ಮೇಡಂ ಅಂಕಿ ಹೇಳಲೇ ಇಲ್ಲ. ಕಣ್ಣು ಮುಚ್ಚಿ ಕೂತು, "ಯಾವುದಾದ್ರೂ ಪದ್ಯ ಹೇಳಿ, ಕೇಳೋಣ" ಎಂದರು. ಫ್ಯಾನು ಹಾಕಿದ್ದರೂ ನನ್ನ ದನಿ ಅದನ್ನು ದಾಟಿತು.

ಮುಂದೆ ಅವರು ಕೆಂಗೇರಿಗೆ ಮನೆ ಬದಲಿಸಿದರು, ಕಾಯಿಲೆ ಬಿದ್ದರು. ಫೋನು ಮಾಡಿದರೆ ತಮ್ಮ ನೋವಿನ ಸುದ್ದಿಯೇ ಇಲ್ಲ. "ನೀವು ಮಾತಾಡ್ತಾ ಇರಿ, ನಾನು ಕೇಳ್ತಾ ಇರ್ತೀನಿ" ಎನ್ನುತ್ತಿದ್ದರು. ನಾನು ಶಾಲೆಯ ಕಥೆಗಳನ್ನೆಲ್ಲ ಹೇಳುತ್ತಿದ್ದೆ.

ಅವರು ಹೋದ ಸುದ್ದಿ ಕೇಳಿ ಕೆಂಗೇರಿಗೆ ಓಡಿದೆ. ಬಾಗಿಲಲ್ಲಿ ಅವರ ಅಕ್ಕ, "ನೀವು ಯಾರು ಅಂತ ಗೊತ್ತಾಗ್ಲಿಲ್ಲ" ಎಂದರು.

"ಅವರ ಹತ್ರ ಮಾತು ಕಲ್ತೋಳು" ಎಂದೆ. ಸಾವಿನ ಮನೆಗೆ ನನ್ನ ದನಿ ಜೋರಾಯಿತೇನೋ. ಕೂತಿದ್ದವರೆಲ್ಲ ತಿರುಗಿ ನೋಡಿದರು. ಕೇಳಬೇಕಾಗಿದ್ದವರು ಮಾತ್ರ ಕಣ್ಣು ಮುಚ್ಚಿ ಮಲಗಿದ್ದರು.